ಶುಶ್ರೂಷಾ ವೃತ್ತಿಯ ಆಯ್ಕೆ: ‘ಏಜೆನ್ಸಿ’ ಎಂಬ ಪದವನ್ನು ತರಗತಿಯಲ್ಲಿ ಬಿಡಿಸುವ ಬಗೆ

ಪ್ಲಸ್ ಟು ಫಲಿತಾಂಶ ಪ್ರಕಟವಾಗುವ ಮೇ ತಿಂಗಳಲ್ಲಿ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಅಧ್ಯಾಪಕರನ್ನು ಕಾಣಲೆಂದು ಬರುವ ಹೆತ್ತವರ ಕೈಯಲ್ಲಿ ಅಂಕಪಟ್ಟಿಯ ಜೊತೆಗೆ ಇನ್ನೊಂದು ಕಾಗದವೂ ಇರುವುದುಂಟು. ಅದು ಬಣ್ಣದ ಕರಪತ್ರ. ನರ್ಸಿಂಗ್ ಸೀಟು ಖಾತ್ರಿ, ಕಲಿತ ಮೇಲೆ ಕೆಲಸ ಖಾತ್ರಿ, ವಿದೇಶಕ್ಕೆ ಹೋಗುವ ವ್ಯವಸ್ಥೆಯೂ ತಮ್ಮದೇ ಎಂದು ಅದರಲ್ಲಿ ಅಚ್ಚಾಗಿರುತ್ತದೆ. “ಇದು ಆಗಬಹುದೋ ಮಾಷ್ಟ್ರೇ?” ಎಂಬುದು ಹೆತ್ತವರ ಪ್ರಶ್ನೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಬ್ಯಾರಿಯೋ ಆಡುವ ಆ ಕುಟುಂಬಕ್ಕೆ ಕರಪತ್ರದ ಇಂಗ್ಲಿಷ್ ದೂರ, ಸರಕಾರಿ ಕಚೇರಿಯ ಮಲಯಾಳವೂ ಅಷ್ಟೇನೂ ಹತ್ತಿರವಲ್ಲ. ಆದುದರಿಂದ ಆ ಕಾಗದದ ಮೊದಲ ಓದುಗರು ಕನ್ನಡ ಅಧ್ಯಾಪಕರೇ ಆಗುತ್ತಾರೆ. ಅವರು ವೈದ್ಯರೂ ಅಲ್ಲ, ವಕೀಲರೂ ಅಲ್ಲ. ಆದರೆ ಒಂದು ಪದ ಎಲ್ಲಿ ಯಾವ ಅರ್ಥದಲ್ಲಿ ಬಳಕೆಯಾಗಿದೆ ಎಂದು ಬಿಡಿಸಿ ತೋರಿಸುವುದು ಅವರ ನಿತ್ಯದ ಕೆಲಸ. ಈ ಪಾಠಕ್ಕೆ ಬೇಕಾದುದೂ ಅಷ್ಟೇ.

ಪಾಠವನ್ನು ‘ಶುಶ್ರೂಷೆ’ ಎಂಬ ಪದದಿಂದಲೇ ಆರಂಭಿಸಬಹುದು. ಸಂಸ್ಕೃತದಲ್ಲಿ ‘ಶ್ರು’ ಎಂದರೆ ಕೇಳು. ‘ಶುಶ್ರೂಷಾ’ ಎಂದರೆ ಕೇಳಬೇಕೆಂಬ ಇಚ್ಛೆ. ಹಿರಿಯರ ಮಾತು ಕೇಳಿ ನಡೆಯುವುದು, ಸೇವೆ ಮಾಡುವುದು ಎಂಬ ಅರ್ಥಗಳು ಅದರಿಂದ ಬೆಳೆದವು. ರೋಗಿಯ ಆರೈಕೆಗೆ ಕನ್ನಡ ಈ ಪದವನ್ನು ಆರಿಸಿಕೊಂಡುದರಲ್ಲಿ ಔಚಿತ್ಯವಿದೆ. ವೈದ್ಯರು ಹಾಸಿಗೆಯ ಬಳಿ ಕೆಲವು ನಿಮಿಷ ನಿಂತು ಮುಂದೆ ಸಾಗುತ್ತಾರೆ. ಪಾಳಿಯುದ್ದಕ್ಕೂ ಕೇಳಿಸಿಕೊಳ್ಳುವವರು ನರ್ಸ್. ಸಪ್ತಭಾಷಾ ಸಂಗಮಭೂಮಿ ಎನಿಸಿದ ಕಾಸರಗೋಡಿನಲ್ಲಿ ಈ ಕೇಳುವಿಕೆಗೆ ವಿಶೇಷ ಬೆಲೆಯುಂಟು. ಉರಿ, ಸೆಳೆತ, ಚುಚ್ಚು, ಸಂಕಟ, ತಲೆ ಸುತ್ತು, ಎದೆ ಹಿಡಿದುಕೊಂಡ ಹಾಗೆ ಎಂಬ ಮಾತುಗಳು ಬೇರೆ ಬೇರೆ ನೋವುಗಳನ್ನು ಹೇಳುತ್ತವೆ. ಇವೆಲ್ಲವನ್ನೂ ‘ನೋವು’ ಎಂಬ ಒಂದೇ ಪದಕ್ಕೆ ಇಳಿಸಿ ದಾಖಲೆ ಬರೆದರೆ ಚಿಕಿತ್ಸೆಯೇ ದಾರಿ ತಪ್ಪಬಹುದು. ನೋವಿಗೆ ತಮ್ಮ ಮನೆಯಲ್ಲಿ ಬಳಕೆಯಾಗುವ ಪದಗಳನ್ನು ಅಜ್ಜಿಯಂದಿರಿಂದ ಕೇಳಿ ಬರೆದು ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದರೆ ಅದೇ ಈ ಪಾಠದ ಮೊದಲ ಚಟುವಟಿಕೆಯಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತುದು ಈ ವೃತ್ತಿಗೆ ಕೊರತೆ ಎಂದು ನಂಬಿದ ವಿದ್ಯಾರ್ಥಿಗಳಿಗೆ ತಮ್ಮ ಬಳಿ ಏನಿದೆ ಎಂಬುದು ಇದರಿಂದ ಕಾಣುತ್ತದೆ.

ವೃತ್ತಿಯ ಮೆಟ್ಟಿಲುಗಳು

ಕೋರ್ಸುಗಳ ವಿವರ ಪ್ರವೇಶ ಪ್ರಕಟಣೆಗಳಲ್ಲಿ ಸಿಗುವುದರಿಂದ ಇಲ್ಲಿ ಹೆಚ್ಚು ವಿಸ್ತರಿಸಬೇಕಾಗಿಲ್ಲ. ಎ.ಎನ್.ಎಂ. ಎರಡು ವರ್ಷದ ತರಬೇತಿ. ಕೇರಳದಲ್ಲಿ ಅದನ್ನು ಮುಗಿಸಿದವರು ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್ ಆಗಿ ಆರೋಗ್ಯ ಉಪಕೇಂದ್ರಗಳಲ್ಲಿ ಕೆಲಸ ಮಾಡುತ್ತಾರೆ. ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಅದಕ್ಕೆ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು, ಹದಿನೇಳು ವರ್ಷ ತುಂಬಿರಬೇಕು. ಕೇರಳದಲ್ಲಿ ಸರಕಾರಿ ಸೀಟುಗಳ ಹಂಚಿಕೆ ಎಲ್.ಬಿ.ಎಸ್. ಕೇಂದ್ರದ ಮೂಲಕ, ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಜಿ.ಎನ್.ಎಂ. ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರರಾಗಬಹುದು. ಮೊದಲ ಮೆಟ್ಟಿಲು ಚಿಕ್ಕದಾದ ಮಾತ್ರಕ್ಕೆ ಮೇಲಿನ ಮೆಟ್ಟಿಲುಗಳು ಇಲ್ಲವಾಗುವುದಿಲ್ಲ ಎಂಬುದನ್ನು, ಮನೆಯ ಹಣಕಾಸು ನೋಡಿ ಜಿ.ಎನ್.ಎಂ. ಆರಿಸಿಕೊಳ್ಳುವ ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ವಿಜ್ಞಾನೇತರ ವಿಭಾಗದವರಿಗೂ ಜಿ.ಎನ್.ಎಂ. ಬಾಗಿಲು ಪೂರ್ತಿ ಮುಚ್ಚಿಲ್ಲ, ವಿಜ್ಞಾನದವರಿಗೆ ಆದ್ಯತೆ ಇರುವುದುಂಟು.

ಅಂಕಗಳಿಗಿಂತ ಹೆಚ್ಚು ಯೋಚಿಸಬೇಕಾದುದು ಸ್ವಭಾವವನ್ನು. ತುರ್ತು ವಿಭಾಗದ ಗಡಿಬಿಡಿಯಲ್ಲಿ ಚುರುಕಾಗುವವರು ಕೆಲವರು. ಒಬ್ಬ ವೃದ್ಧೆಯ ಹುಣ್ಣನ್ನು ತಿಂಗಳುಗಟ್ಟಲೆ ತೊಳೆದು ಕಟ್ಟುವ ತಾಳ್ಮೆ ಉಳ್ಳವರು ಇನ್ನು ಕೆಲವರು. ಎರಡಕ್ಕೂ ಈ ವೃತ್ತಿಯಲ್ಲಿ ಸ್ಥಾನವಿದೆ. ಕೇರಳ 2008ರಲ್ಲಿಯೇ ಉಪಶಾಮಕ ಆರೈಕೆಯ ನೀತಿಯನ್ನು ರೂಪಿಸಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಬರುವುದು ಇಲ್ಲಿನ ಹಳ್ಳಿಗಳಿಗೆ ಪರಿಚಿತ ದೃಶ್ಯ. ಎಂಡೋಸಲ್ಫಾನ್ ಪೀಡಿತ ಗ್ರಾಮಗಳ ಮಕ್ಕಳು ಆ ಭೇಟಿಗಳನ್ನು ಹತ್ತಿರದಿಂದ ಕಂಡಿದ್ದಾರೆ. ನರ್ಸ್ ಎಂದೊಡನೆ ದೊಡ್ಡ ಆಸ್ಪತ್ರೆ ಅಥವಾ ವಿಮಾನ ನಿಲ್ದಾಣ ಮಾತ್ರ ಕಣ್ಣ ಮುಂದೆ ಬರುವಲ್ಲಿ ಈ ಚಿತ್ರವನ್ನೂ ಸೇರಿಸುವುದು ಒಳ್ಳೆಯದು. ನರ್ಸಿಂಗ್ ಹುಡುಗಿಯರ ಕೆಲಸವೆಂದು ನಕ್ಕು ಹಿಂದೆ ಸರಿಯುವ ಹುಡುಗರಿಗೆ, ಮಂಗಳೂರಿನ ಯಾವುದಾದರೂ ಆಸ್ಪತ್ರೆಯ ತೀವ್ರ ನಿಗಾ ಘಟಕದ ಪಾಳಿಪಟ್ಟಿಯಲ್ಲಿ ಎಷ್ಟು ಪುರುಷರ ಹೆಸರಿದೆ ಎಂದು ವಿಚಾರಿಸಿ ಬರಲು ಹೇಳಬಹುದು.

ಗಡಿಯ ವಿಷಯವೂ ಇಲ್ಲಿಯೇ ಬರುತ್ತದೆ. ನರ್ಸ್ ಆಗಿ ಕೆಲಸ ಮಾಡಲು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಇರಬೇಕು. ಮಂಗಳೂರಿನಲ್ಲಿ ಕಲಿತು ಕರ್ನಾಟಕ ಪರಿಷತ್ತಿನಲ್ಲಿ ನೋಂದಾಯಿಸಿದ ಮಂಜೇಶ್ವರದ ಹುಡುಗಿ ಕಾಸರಗೋಡಿನಲ್ಲಿ ಕೆಲಸಕ್ಕೆ ಸೇರುವುದಾದರೆ ಕೇರಳದ ಪರಿಷತ್ತಿನ ನೋಂದಣಿಯನ್ನೂ ಪಡೆಯಬೇಕಾಗುತ್ತದೆ. ವೇತನದ ನಿಯಮವೂ ತಲಪಾಡಿ ದಾಟಿದಾಗ ಬದಲಾಗುತ್ತದೆ. ನರ್ಸ್‌ಗಳ ದೀರ್ಘ ಹೋರಾಟದ ಬಳಿಕ ಕೇರಳ ಸರಕಾರ 2018ರ ಏಪ್ರಿಲಿನಲ್ಲಿ ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಕನಿಷ್ಠ ಮೂಲವೇತನವನ್ನು 20,000 ರೂಪಾಯಿ ಎಂದು ನಿಗದಿಪಡಿಸಿತು; ಆ ಅಧಿಸೂಚನೆ ಮಂಗಳೂರಿಗೆ ಅನ್ವಯಿಸದು. ದಿನವೂ ಬಸ್ಸಿನಲ್ಲಿ ಗಡಿ ದಾಟುವವರಿಗೆ ಗಡಿ ಮರೆತೇಹೋಗಿರುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಅದು ರೋಗಿಗಳಿಗೂ ಆಸ್ಪತ್ರೆಯ ಸಿಬ್ಬಂದಿಗೂ ಮತ್ತೆ ನೆನಪಾಯಿತು.

ಒಂದು ಪದ, ನಾಲ್ಕು ವ್ಯವಹಾರ

ಈಗ ಪಾಠದ ಮುಖ್ಯ ಭಾಗಕ್ಕೆ ಬರಬಹುದು. ‘ಏಜೆನ್ಸಿ’ ಎಂಬ ಪದ ನರ್ಸಿಂಗ್ ಕ್ಷೇತ್ರದಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ವ್ಯವಹಾರಗಳನ್ನು ಸೂಚಿಸುತ್ತದೆ. ಕಾಲೇಜಿಗೆ ವಿದ್ಯಾರ್ಥಿಗಳನ್ನು ಸೇರಿಸಿ ಕಮಿಶನ್ ಪಡೆಯುವವನು ಏಜೆಂಟ್. ಮನೆಗಳಿಗೆ ‘ಹೋಂ ನರ್ಸ್’ಗಳನ್ನು ಕಳುಹಿಸುವುದು ಒಂದು ಏಜೆನ್ಸಿ. ಆಸ್ಪತ್ರೆಗಳಿಗೆ ಗುತ್ತಿಗೆಯ ಮೇಲೆ ನರ್ಸ್‌ಗಳನ್ನು ಒದಗಿಸುವುದು ಇನ್ನೊಂದು. ವಿದೇಶಕ್ಕೆ ನೇಮಕಾತಿ ಮಾಡುವುದು ಮತ್ತೊಂದು. ಕರಪತ್ರದಲ್ಲಿ ಈ ನಾಲ್ಕೂ ಒಂದೇ ಪದದಲ್ಲಿ ಕಲಸಿಹೋಗಿರುತ್ತವೆ. ಪದವನ್ನು ಬಿಡಿಸುವುದಕ್ಕೆ ಎರಡು ಪ್ರಶ್ನೆಗಳು ಸಾಕಾಗುತ್ತವೆ: ಹಣ ಯಾರಿಂದ ಯಾರಿಗೆ ಹೋಗುತ್ತದೆ? ಕೆಲಸಗಾರರ ಪಾಲಿಗೆ ಧಣಿ ಯಾರು?

ಸೀಟಿನ ಏಜೆಂಟನ ವಿಷಯದಲ್ಲಿ ಉತ್ತರ ಸರಳ. ಅವನ ಕಮಿಶನ್ ಬರುವುದು ಕಾಲೇಜಿನಿಂದ, ಆದ್ದರಿಂದ ಅವನು ಕಾಲೇಜಿನ ಮನುಷ್ಯ. ಅವನು ಹೇಳುವ ಕಾಲೇಜಿಗೆ ವಿಶ್ವವಿದ್ಯಾನಿಲಯದ ಸಂಯೋಜನೆ ಮತ್ತು ನರ್ಸಿಂಗ್ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ, ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿ ನಡೆಯುವ ಆಸ್ಪತ್ರೆ ಯಾವುದು ಎಂಬುದನ್ನು ಹೆತ್ತವರು ಸ್ವತಃ ನೋಡಿ ಬರಬೇಕು. ಹಾಸಿಗೆಗಳಿಲ್ಲದ ಕಟ್ಟಡದಲ್ಲಿ ನರ್ಸಿಂಗ್ ಕಲಿಯಲು ಸಾಧ್ಯವಿಲ್ಲ. ಮೂಲ ಅಂಕಪಟ್ಟಿಗಳನ್ನು ಏಜೆಂಟನ ಕೈಗೆ ಕೊಡಲೇಬಾರದು.

ಹೋಂ ನರ್ಸ್ ಎಂಬ ಹೆಸರಿನಲ್ಲಿಯೇ ಒಂದು ಗೊಂದಲವಿದೆ. ಕೇರಳದಲ್ಲಿ ಈ ಹೆಸರಿನಿಂದ ಮನೆಗಳಿಗೆ ಹೋಗುವ ಅನೇಕ ಮಹಿಳೆಯರು ನೋಂದಾಯಿತ ನರ್ಸ್‌ಗಳಲ್ಲ. ವೃದ್ಧರನ್ನು ನೋಡಿಕೊಳ್ಳುವ, ಹಗಲಿರುಳು ಅದೇ ಮನೆಯಲ್ಲಿ ಉಳಿಯುವ ಸಹಾಯಕಿಯರು. ಕಷ್ಟದ ಕೆಲಸ ಅದು, ಗೌರವಕ್ಕೂ ಅರ್ಹ. ಆದರೆ ಜಿ.ಎನ್.ಎಂ. ಕಲಿತ ಹುಡುಗಿ ಸಂಬಳದ ತುರ್ತಿಗೆ ಅದನ್ನು ಒಪ್ಪಿಕೊಂಡು ಎರಡು ವರ್ಷ ಕಳೆದರೆ, ಮುಂದೆ ಆಸ್ಪತ್ರೆಯ ಅನುಭವ ಕೇಳುವ ಕಡೆ ಆ ಎರಡು ವರ್ಷಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮೊದಲೇ ತಿಳಿದು ಒಪ್ಪಿಕೊಳ್ಳುವುದು ಬೇರೆ, ತಿಳಿಯದೆ ಸಿಕ್ಕಿಬೀಳುವುದು ಬೇರೆ.

ಆಸ್ಪತ್ರೆಗೆ ನರ್ಸ್‌ಗಳನ್ನು ಒದಗಿಸುವ ಏಜೆನ್ಸಿಯ ಕುರಿತು ಸ್ವಲ್ಪ ನಿಂತು ಯೋಚಿಸಬೇಕು. ಪಾಠಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಗಡಿಭಾಗದ ಒಬ್ಬ ಹುಡುಗಿ ಜಿ.ಎನ್.ಎಂ. ಮುಗಿಸಿ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರುತ್ತಾಳೆ. ಸಮವಸ್ತ್ರ ಆಸ್ಪತ್ರೆಯದು, ಪಾಳಿ ನಿಗದಿ ಮಾಡುವವರು ಆಸ್ಪತ್ರೆಯವರು, ತಪ್ಪಾದರೆ ಗದರುವವರೂ ಅವರೇ. ಆದರೆ ನೇಮಕಾತಿ ಪತ್ರದ ತಲೆಬರಹದಲ್ಲಿ ಬೇರೊಂದು ಸಂಸ್ಥೆಯ ಹೆಸರಿದೆ. ಸಂಬಳ ಬರುವುದು ಆ ಸಂಸ್ಥೆಯ ಖಾತೆಯಿಂದ. ಆಸ್ಪತ್ರೆ ಅವಳಿಗಾಗಿ ತಿಂಗಳಿಗೆ 26,000 ರೂಪಾಯಿಗಳನ್ನು ಏಜೆನ್ಸಿಗೆ ಕೊಡುತ್ತದೆ, ಅವಳ ವೇತನ 20,000 ಎಂದಿಟ್ಟುಕೊಳ್ಳೋಣ. ಭವಿಷ್ಯನಿಧಿಯನ್ನು 15,000 ರೂಪಾಯಿಯ ಮಿತಿಯ ಮೇಲೆ ಶೇಕಡಾ 12ರಂತೆ ಲೆಕ್ಕ ಹಾಕಿದರೆ ಅವಳ ಪಾಲು 1,800, ಧಣಿಯ ಪಾಲು 1,800. ಇ.ಎಸ್.ಐ.ಗೆ ಅವಳ ಪಾಲು ಶೇಕಡಾ 0.75, ಅಂದರೆ 150. ಧಣಿಯ ಪಾಲು ಶೇಕಡಾ 3.25, ಅಂದರೆ 650. ಕ್ರಮಬದ್ಧವಾಗಿ ನಡೆದರೆ ಅವಳ ಕೈಗೆ 18,050 ಬರುತ್ತದೆ. ಸಣ್ಣಪುಟ್ಟ ಆಡಳಿತ ವೆಚ್ಚ ಬಿಟ್ಟರೆ ಏಜೆನ್ಸಿಗೆ 3,550 ಉಳಿಯುತ್ತದೆ. ಅದು ಏಜೆನ್ಸಿಯ ನ್ಯಾಯವಾದ ಸಂಪಾದನೆ ಎನ್ನೋಣ. ಆದರೆ “ಎಲ್ಲವೂ 20,000ದ ಒಳಗೇ” ಎಂದು ಹೇಳಿ ಧಣಿಯ ಪಾಲನ್ನೂ ಅವಳ ಸಂಬಳದಿಂದಲೇ ಮುರಿದುಕೊಂಡರೆ ಅವಳ ಕೈಗೆ ಸಿಗುವುದು 15,600 ಮಾತ್ರ. ತಿಂಗಳಿಗೆ 2,450, ವರ್ಷಕ್ಕೆ 29,400 ರೂಪಾಯಿ ಸದ್ದಿಲ್ಲದೆ ಕೈ ಬದಲಾಯಿಸುತ್ತದೆ. ಧಣಿಯ ಪಾಲನ್ನು ಕೆಲಸಗಾರರ ವೇತನದಿಂದ ಕಳೆಯುವುದು ಕಾನೂನಿಗೆ ವಿರುದ್ಧ. ಈ ಲೆಕ್ಕವನ್ನು ಗಣಿತ ಅಧ್ಯಾಪಕರ ನೆರವಿನಿಂದ ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಬೇಕು. ಬಾಯಲ್ಲಿ ಹೇಳಿದರೆ ಅದು ಮನಸ್ಸಿನಲ್ಲಿ ಉಳಿಯುವುದಿಲ್ಲ.

ಏಜೆನ್ಸಿ ಸಂಬಳವನ್ನೇ ಕೊಡದೆ ಹೋದರೆ? ಗುತ್ತಿಗೆದಾರ ವೇತನ ಕೊಡದಿದ್ದರೆ ಮುಖ್ಯ ಉದ್ಯೋಗದಾತ, ಅಂದರೆ ಇಲ್ಲಿ ಆಸ್ಪತ್ರೆ, ಅದನ್ನು ಕೊಡಬೇಕೆಂಬ ತತ್ವವನ್ನು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಒಪ್ಪಿತ್ತು. ಆದರೆ ಆ ಹಕ್ಕನ್ನು ಕೇಳಲು ಹಾಜರಾತಿಯ ಗುರುತು, ಸಂಬಳದ ಚೀಟಿ, ನೇಮಕಾತಿ ಪತ್ರದ ಪ್ರತಿ ಕೈಯಲ್ಲಿರಬೇಕು. ಕೈಯಲ್ಲಿ ನಗದು ಎಣಿಸಿಕೊಂಡು ಬಂದವರಿಗೆ ತೋರಿಸಲು ಏನೂ ಇರುವುದಿಲ್ಲ.

ಇದಕ್ಕಿಂತ ಹೆಚ್ಚು ನಷ್ಟ ತರುವ ಒಂದು ಸಂಗತಿ ಅನುಭವ ಪ್ರಮಾಣಪತ್ರ. ಹುಡುಗಿ ಮೂರು ವರ್ಷ ದುಡಿದುದು ಆಸ್ಪತ್ರೆಯಲ್ಲಿ. ಪ್ರಮಾಣಪತ್ರ ಕೊಡುವುದು ಏಜೆನ್ಸಿ. ಗಲ್ಫ್ ದೇಶಗಳಿಗೆ ಅರ್ಜಿ ಹಾಕಿದಾಗ ಪ್ರಮಾಣಪತ್ರ ಕೊಟ್ಟವರಿಗೇ ನೇರವಾಗಿ ಬರೆದು ಅದು ನಿಜವೇ ಎಂದು ಕೇಳುವ ಪದ್ಧತಿ ಇದೆ. ಅಷ್ಟರಲ್ಲಿ ಏಜೆನ್ಸಿ ಬಾಗಿಲು ಹಾಕಿಕೊಂಡಿದ್ದರೆ ಉತ್ತರಿಸುವವರು ಯಾರೂ ಇರುವುದಿಲ್ಲ, ಮೂರು ವರ್ಷದ ದುಡಿಮೆ ಕಾಗದದ ಮೇಲೆ ಇಲ್ಲವಾಗುತ್ತದೆ. ಯಾವ ವಾರ್ಡಿನಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಕೆಲಸ ಮಾಡಿದ್ದಾಳೆ ಎಂಬ ಪತ್ರವನ್ನು ಆಸ್ಪತ್ರೆಯೇ ಕೊಡುವುದೇ ಎಂದು ಸೇರುವ ಮೊದಲೇ ಕೇಳಬೇಕು. ಇನ್ನೊಂದು ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ: ರೋಗಿಗೆ ಬಳಸಿದ ಸೂಜಿ ಕೈಗೆ ಚುಚ್ಚಿದರೆ ತಿಳಿಸಬೇಕಾದುದು ಯಾರಿಗೆ, ಚಿಕಿತ್ಸೆಯ ವೆಚ್ಚ ಯಾರದು? ಎಚ್.ಐ.ವಿ. ತಡೆಯುವ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳ ಒಳಗೆ, ಆರಂಭಿಸಬೇಕು. ಆಸ್ಪತ್ರೆ ಏಜೆನ್ಸಿಯನ್ನೂ ಏಜೆನ್ಸಿ ಆಸ್ಪತ್ರೆಯನ್ನೂ ತೋರಿಸುತ್ತಿರುವಾಗ ಆ ಗಂಟೆಗಳು ಕಳೆದುಹೋಗುತ್ತವೆ.

ಇಷ್ಟು ಹೇಳಿದ ಮೇಲೆ, ಏಜೆನ್ಸಿ ಕೆಲಸವೆಲ್ಲ ಕೆಟ್ಟದ್ದೆಂಬ ಭಾವನೆ ಮಕ್ಕಳಲ್ಲಿ ಮೂಡಬಾರದು. ಮನೆಯಲ್ಲಿ ಎಳೆಯ ಮಗುವಿರುವ ತಾಯಿಗೆ ವಾರಕ್ಕೆ ಎರಡು ಮೂರು ಪಾಳಿಯ ಕೆಲಸ ಅನುಕೂಲವಾಗಬಹುದು. ಬ್ರಿಟನ್ ಮುಂತಾದ ದೇಶಗಳಲ್ಲಿ ‘ಏಜೆನ್ಸಿ ನರ್ಸ್’ ಎಂದರೆ ಅನುಭವಿ, ನೋಂದಾಯಿತ ನರ್ಸ್. ಸಿಬ್ಬಂದಿ ಕಡಿಮೆಯಾದ ವಾರ್ಡಿಗೆ ಒಂದೊಂದು ಪಾಳಿಯ ಮಟ್ಟಿಗೆ ಹೋಗುವವರು. ಗಂಟೆಯ ಲೆಕ್ಕದ ಸಂಬಳ ಸಾಮಾನ್ಯವಾಗಿ ಹೆಚ್ಚು, ಆದರೆ ಮುಂದಿನ ವಾರ ಕೆಲಸ ಸಿಗುವ ಖಾತ್ರಿ ಇಲ್ಲ. ಪ್ರತಿ ಬಾರಿಯೂ ಅಪರಿಚಿತ ವಾರ್ಡಿನಲ್ಲಿ ಔಷಧದ ಕಪಾಟು ಎಲ್ಲಿದೆ ಎಂಬುದರಿಂದಲೇ ಆರಂಭಿಸಬೇಕು. ಆ ಸಂಬಳದ ಕಥೆಗಳು ಮೊಬೈಲಿನ ಮೂಲಕ ಇಲ್ಲಿನ ಮಕ್ಕಳನ್ನು ತಲುಪುತ್ತವೆ. ಇಲ್ಲಿಂದ ಹೊಸದಾಗಿ ಹೋಗುವವರ ವೀಸಾ ಅದನ್ನು ಪ್ರಾಯೋಜಿಸಿದ ಉದ್ಯೋಗದಾತನಿಗೆ ಕಟ್ಟಿಕೊಂಡಿರುತ್ತದೆ, ಇಷ್ಟಬಂದ ಏಜೆನ್ಸಿಗೆ ಸೇರುವ ಸ್ವಾತಂತ್ರ್ಯ ಅವರಿಗೆ ಮೊದಲ ದಿನದಿಂದ ಇರುವುದಿಲ್ಲ ಎಂಬ ಮಾತು ಮಾತ್ರ ಅವುಗಳ ಜೊತೆ ಬರುವುದಿಲ್ಲ.

ಕಡಲಾಚೆಯ ನೇಮಕಾತಿ

ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆನ್ಸಿ 1983ರ ಎಮಿಗ್ರೇಶನ್ ಕಾಯ್ದೆಯಡಿ ನೋಂದಾಯಿತವಾಗಿರಬೇಕು. ಅದು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಲಕ್ಷಗಳಲ್ಲಿ ಹಣ ಕೇಳುವವರ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಗಲ್ಫ್ ದೇಶಗಳೂ ಸೇರಿದಂತೆ ವಲಸೆ ಅನುಮತಿ ಅಗತ್ಯವಿರುವ 18 ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳ ಮೂಲಕ ನಡೆಸಬೇಕೆಂದು ಕೇಂದ್ರ ಸರಕಾರ 2015ರಲ್ಲಿ ಆದೇಶ ಹೊರಡಿಸಿತು. ಹಣ ಸುಲಿಯುವ ನೇಮಕಾತಿಯ ದೂರುಗಳೇ ಅದಕ್ಕೆ ಹಿನ್ನೆಲೆ. ಕೇರಳದಲ್ಲಿ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಈ ಕೆಲಸ ಮಾಡುತ್ತವೆ. ಹೊಸೂರು, ತಾಳವಾಡಿ ಕಡೆಯವರಿಗೆ ತಮಿಳುನಾಡಿನ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಶನ್ ಇದೆ, ತೆಲಂಗಾಣದವರಿಗೆ ಟಾಮ್‌ಕಾಮ್ ಇದೆ. ಖಾಸಗಿ ಏಜೆನ್ಸಿಯ ನೋಂದಣಿ ಇಂದಿಗೂ ಊರ್ಜಿತವಾಗಿದೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಶಾಲೆಯ ಕಂಪ್ಯೂಟರಿನಿಂದಲೇ ನೋಡಬಹುದು. ಸಂದರ್ಶಕ ವೀಸಾದಲ್ಲಿ ಹೋಗು, ಅಲ್ಲಿಗೆ ಹೋದ ಮೇಲೆ ಸರಿಮಾಡೋಣ ಎನ್ನುವವರ ನೋಂದಣಿಯನ್ನು ಹುಡುಕುವ ಶ್ರಮವೂ ಬೇಡ.

ಸಾಲ ಮಾಡಿ ಹೋದವರ ಸ್ಥಿತಿ ಏನಾಗುತ್ತದೆ ಎಂಬುದಕ್ಕೆ 2014ರ ಇರಾಕಿನ ಘಟನೆಯನ್ನು ತರಗತಿಯಲ್ಲಿ ಹೇಳಬಹುದು. ತಿಕ್ರಿತ್ ನಗರದ ಆಸ್ಪತ್ರೆಯಲ್ಲಿ ಯುದ್ಧದ ನಡುವೆ 46 ಭಾರತೀಯ ನರ್ಸ್‌ಗಳು ಸಿಲುಕಿಕೊಂಡರು; ಬಹುತೇಕ ಎಲ್ಲರೂ ಕೇರಳದವರು. ಅವರನ್ನು ಮೊಸೂಲಿಗೆ ಒಯ್ಯಲಾಯಿತು. ಕೊನೆಗೆ ಜುಲೈ 5ರಂದು ವಿಶೇಷ ವಿಮಾನದಲ್ಲಿ ಕೊಚ್ಚಿಗೆ ಬಂದಿಳಿದರು. ನಾಡೆಲ್ಲ ಸಂತೋಷಪಟ್ಟಿತು. ಆದರೆ ಅವರಲ್ಲಿ ಹಲವರು ಆರಂಭದಲ್ಲಿ ಮರಳಲು ಹಿಂಜರಿದಿದ್ದರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದ್ದವು. ಓದಿಗೂ ಪ್ರಯಾಣಕ್ಕೂ ಮಾಡಿದ ಸಾಲ ಊರಿನಲ್ಲಿ ಕಾದಿತ್ತು, ಬರಬೇಕಾದ ಸಂಬಳ ಅಲ್ಲಿ ಬಾಕಿಯಿತ್ತು. ಬಾಂಬಿನ ಸದ್ದು ಕೇಳುತ್ತಿರುವಾಗಲೂ ಬ್ಯಾಂಕಿನ ಕಂತನ್ನು ಎಣಿಸಬೇಕಾದ ಸ್ಥಿತಿ ಹೇಗೆ ಬಂತು ಎಂದು ಕೇಳಿದರೆ ವಿದ್ಯಾರ್ಥಿಗಳು ಕರಪತ್ರದವರೆಗೆ ತಾವಾಗಿಯೇ ಹಿಂದಕ್ಕೆ ನಡೆದು ಬರುತ್ತಾರೆ.

ತರಗತಿಯಲ್ಲಿ

ಅಧ್ಯಾಪಕರು ಒಂದು ಮಾದರಿ ಕರಾರುಪತ್ರವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಕನ್ನಡದಲ್ಲಿ ಒಂದು ಪುಟ, ಅದರದೇ ಇಂಗ್ಲಿಷ್ ರೂಪ ಇನ್ನೊಂದು ಪುಟ. ಅದರಲ್ಲಿ ಧಣಿಯ ಹೆಸರು ಒಂದು ಕಡೆ ಆಸ್ಪತ್ರೆಯೆಂದೂ ಇನ್ನೊಂದು ಕಡೆ ಏಜೆನ್ಸಿಯೆಂದೂ ಇರಲಿ. ‘ಸಂಸ್ಥೆಯ ನಿಯಮಗಳಿಗೆ ಒಳಪಟ್ಟು’ ಎಂಬ ಮಾತಿರಲಿ, ಆ ನಿಯಮಗಳು ಯಾವುವೆಂದು ಎಲ್ಲಿಯೂ ಹೇಳದಿರಲಿ. ಎರಡು ವರ್ಷದ ಒಳಗೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು, ಅಲ್ಲಿಯವರೆಗೆ ಮೂಲ ಪ್ರಮಾಣಪತ್ರಗಳು ಸಂಸ್ಥೆಯಲ್ಲಿರತಕ್ಕದ್ದು ಎಂಬ ಷರತ್ತು ಸಣ್ಣ ಅಕ್ಷರದಲ್ಲಿ ಕೊನೆಗಿರಲಿ. ನಾಲ್ಕು ನಾಲ್ಕು ಮಂದಿಯ ಗುಂಪುಗಳು ಅದನ್ನು ಓದಿ, ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಆ ಕ್ರಿಯೆಯ ಕರ್ತೃ ಯಾರು ಎಂದು ಅಂಚಿನಲ್ಲಿ ಬರೆಯಬೇಕು. ‘ವೇತನ ನೀಡಲಾಗುವುದು’ ಎಂಬ ಕರ್ಮಣಿ ವಾಕ್ಯದಲ್ಲಿ ಕರ್ತೃವೇ ಇಲ್ಲವೆಂದು ಅವರು ಕಂಡುಕೊಳ್ಳುವ ಹೊತ್ತಿಗೆ ವ್ಯಾಕರಣ ಪಾಠವೂ ಮುಗಿದಿರುತ್ತದೆ. ಬಳಿಕ ಅದೇ ವಾಕ್ಯವನ್ನು ಕರ್ತರಿ ಪ್ರಯೋಗಕ್ಕೆ ತಿರುಗಿಸಿ, ದಿನಾಂಕವನ್ನೂ ಮೊತ್ತವನ್ನೂ ಸೇರಿಸಿ ಬರೆಯಲಿ.

ಇದಕ್ಕೆ ಎರಡು ಪೀರಿಯಡ್ ಸಾಲದು. ಸಾಧ್ಯವಾದರೆ ಜನವರಿಯ ಒಂದು ಶನಿವಾರ, ಪರೀಕ್ಷೆಯ ಒತ್ತಡ ಏರುವ ಮೊದಲು, ಹೆತ್ತವರನ್ನೂ ಕರೆದು ನಡೆಸುವುದು ಮೇಲು. ಊರಿನಲ್ಲಿ ಕೆಲಸದಲ್ಲಿರುವ ಅಥವಾ ನಿವೃತ್ತರಾದ ನರ್ಸ್ ಒಬ್ಬರನ್ನು ಆಹ್ವಾನಿಸಿದರೆ ರಾತ್ರಿಪಾಳಿಯ ಬಗ್ಗೆ, ಕಾಲುನೋವಿನ ಬಗ್ಗೆ, ಮೊದಲ ಸಾವನ್ನು ಕಂಡ ದಿನದ ಬಗ್ಗೆ ಅವರು ಹೇಳುವುದು ಯಾವ ಕೈಪಿಡಿಯಲ್ಲಿಯೂ ಸಿಗದು. ಮಾದರಿ ಕರಾರುಪತ್ರದ ಒಂದೊಂದು ಪ್ರತಿಯನ್ನು ಮಕ್ಕಳು ಅಂಚಿನ ಬರಹದೊಂದಿಗೆ ಮನೆಗೆ ಒಯ್ಯಲಿ. ಮೇ ತಿಂಗಳಲ್ಲಿ ಬಣ್ಣದ ಕಾಗದ ಬಂದಾಗ ಪಕ್ಕದಲ್ಲಿಟ್ಟು ನೋಡಲು ಅದು ಬೇಕಾಗುತ್ತದೆ.